ಒಂದೇ ಬಂಡೆ, ಹಲವು ಚಿಪ್ಪು



ನಮ್ಮ ಬೂಕನಕೆರೆ ಸಮುದ್ರದಿಂದ ಬಹು ದೂರದ ಊರು. ಕೃಷ್ಣರಾಜಪೇಟೆ ತಾಲ್ಲೂಕಿನ ಈ ಊರಿನಲ್ಲಿ ಹುಟ್ಟಿದವರಿಗೆ ನೀರೆಂದರೆ ಕೆರೆ, ನಾಲೆ, ಹೇಮಾವತಿ ಮತ್ತು ಕನ್ನಂಬಾಡಿ ಕಟ್ಟೆಯ ಹಿನ್ನೀರು. ಅದರಾಚೆಗೆ ನೀರಿನ ಕಲ್ಪನೆ ಹೋಗುವುದಿಲ್ಲ. ಹೀಗಿರುವಾಗ ಕಡಲ ಬಂಡೆಗಳಿಗೆ ಅಂಟಿಕೊಂಡು ಬಾಳುವ ಬಸವನಹುಳುಗಳ ವಿಷಯವನ್ನು ನಿಮ್ಮ ಮುಂದಿಡಲು ಹೊರಟಿರುವುದು ವಿಚಿತ್ರವಾಗಿ ಕಾಣಬಹುದು. ಆದರೆ ಇಪ್ಪತ್ತು ವರ್ಷ ಕಾಲ ನನ್ನ ಮನಸ್ಸಿನಲ್ಲಿ ಹೆಪ್ಪುಗಟ್ಟಿ ಕುಳಿತಿದ್ದ ಒಂದು ತಪ್ಪು ತಿಳಿವಳಿಕೆಯನ್ನು ಕರಗಿಸಿದ್ದು ಹೆಬ್ಬೆರಳಿನ ಉಗುರಿಗಿಂತಲೂ ಚಿಕ್ಕದಾದ ಆ ಜೀವಿಗಳೇ. ಆದ್ದರಿಂದ ಸ್ವಲ್ಪ ತಾಳ್ಮೆಯಿಂದ ನನ್ನೊಡನೆ ಬನ್ನಿ ಎಂದು ಕೇಳಿಕೊಳ್ಳುತ್ತೇನೆ.

ನಾವು ಇಬ್ಬರು ಅಣ್ಣತಮ್ಮಂದಿರು. ಅಣ್ಣಯ್ಯ ನನಗಿಂತ ಐದು ವರ್ಷ ದೊಡ್ಡವನು. 1972ರಲ್ಲಿ ಅಪ್ಪ ಕಾಯಿಲೆಯಿಂದ ತೀರಿಕೊಂಡಾಗ ಅವನಿಗೆ ಹದಿನೈದು, ನನಗೆ ಹತ್ತು. ಇಬ್ಬರನ್ನೂ ಓದಿಸುವ ಶಕ್ತಿ ಮನೆಗೆ ಇರಲಿಲ್ಲ. ಒಂದು ರಾತ್ರಿ ಒಲೆಯ ಮುಂದೆ ಕುಳಿತು ಅವ್ವ ಈ ಮಾತನ್ನು ಹೇಗೋ ಎತ್ತಿದಳು. ಅಣ್ಣಯ್ಯ ತಲೆಯೆತ್ತದೆ, “ಅವ್ನು ಓದ್ಲಿ ಬುಡವ್ವ” ಎಂದ. ಅಷ್ಟೇ. ಮರುದಿನ ಅವನು ಶಾಲೆಗೆ ಹೋಗಲಿಲ್ಲ, ಹೊಲಕ್ಕೆ ಹೋದ. ಮರುವರ್ಷ ನಾನು ಮೈಸೂರಿನ ಒಂದು ವಿದ್ಯಾರ್ಥಿನಿಲಯ ಸೇರಿದೆ. ಮುಂದೆ ಓದಿ, ಕರಾವಳಿಯ ಒಂದು ಪ್ರೌಢಶಾಲೆಯಲ್ಲಿ ವಿಜ್ಞಾನದ ಉಪಾಧ್ಯಾಯನಾಗಿ ಜೀವಮಾನ ಕಳೆದೆ.

ಒಂದೇ ತಾಯಿಯ ಮಕ್ಕಳಾದ ನಾವು ಬೆಳೆಯುತ್ತಾ ಬೆಳೆಯುತ್ತಾ ಗುರುತು ಸಿಗದಷ್ಟು ಬೇರೆಯಾದೆವು. ನಾನು ಮಾತುಗಾರ, ಅವನು ಮೌನಿ. ನನಗೆ ಸಣ್ಣ ಮಾತಿಗೂ ಕಣ್ಣು ತುಂಬುತ್ತದೆ. ಅವನ ಮುಖದ ಮೇಲೆ ಏನೂ ಕಾಣುವುದಿಲ್ಲ. ರಜೆಯಲ್ಲಿ ಊರಿಗೆ ಹೋದಾಗ ಅವನು ಕೇಳುತ್ತಿದ್ದುದು ಒಂದೇ ಪ್ರಶ್ನೆ: “ಉಂಡ್ಯಾ?” ಅದರ ಆಚೆಗೆ ನಮ್ಮ ಮಾತು ಬೆಳೆಯುತ್ತಿರಲಿಲ್ಲ.

2004ರ ಬೇಸಿಗೆಯಲ್ಲಿ ಅವ್ವ ತೀರಿಕೊಂಡಳು. ಘಟ್ಟ ಹತ್ತಿ ಬಸ್ಸು ಬದಲಿಸಿ ನಾನು ಬರುವ ಹೊತ್ತಿಗೆ ಸಂಜೆಯಾಗಿತ್ತು. ಅವ್ವನನ್ನು ಮಣ್ಣು ಮಾಡಿ ಬಂದೆವು. ನಾನು ಗೋಡೆಗೆ ಒರಗಿ ಅಳುತ್ತಾ ಕುಳಿತಿದ್ದೆ. ಅಣ್ಣಯ್ಯನ ಕಣ್ಣಿನಲ್ಲಿ ಒಂದು ಹನಿ ನೀರಿಲ್ಲ. ರಾತ್ರಿ ನೆಂಟರೆಲ್ಲ ಮಲಗಿದ ಮೇಲೆ ಅವನು ಗುದ್ದಲಿ ಹೆಗಲಿಗೇರಿಸಿ, ಬ್ಯಾಟರಿ ಹಿಡಿದು ಗದ್ದೆಯ ಕಡೆ ನಡೆದುಬಿಟ್ಟ. ಬೆಳಗಿನ ಜಾವ ಕಾಲೆಲ್ಲ ಕೆಸರು ಮಾಡಿಕೊಂಡು ಹಿಂದಿರುಗಿದಾಗ ನಾನು ತಡೆಯಲಾರದೆ, “ನಿನ್ನ ಎದೇಲಿ ಇರೋದು ಕಲ್ಲಾ?” ಎಂದು ಕೇಳಿದೆ. ನೆಂಟರು ಕೇಳಿಸಿಕೊಂಡರು. ಅವನು ಕಾಲು ತೊಳೆದುಕೊಂಡು ಒಳಗೆ ಹೋದ. ಉತ್ತರ ಕೊಡಲಿಲ್ಲ. ಆ ಮಾತನ್ನು ಅವನು ಮರೆತನೋ ಇಲ್ಲವೋ, ನಾನಂತೂ ಹಿಂದಕ್ಕೆ ತೆಗೆದುಕೊಳ್ಳಲಿಲ್ಲ. ಹಬ್ಬಹುಣ್ಣಿಮೆಗೆ ಹೋಗಿ ಬರುವುದು ನಡೆದೇ ಇತ್ತು. ಆದರೆ ನಡುವೆ ಒಂದು ತೆಳುವಾದ ಗೋಡೆ ಎದ್ದು ನಿಂತಿತ್ತು.

2023ರಲ್ಲಿ ಅತ್ತಿಗೆ ಹೋದರು. ಅಣ್ಣಯ್ಯ ಒಬ್ಬಂಟಿಯಾದ. ನನಗೂ ನಿವೃತ್ತಿಯಾಗಿತ್ತು. 2024ರ ಜನವರಿಯಲ್ಲಿ ಅವನನ್ನು ಒತ್ತಾಯ ಮಾಡಿ ಕರಾವಳಿಗೆ ಕರೆದುಕೊಂಡು ಹೋದೆ. ಅರವತ್ತೇಳನೆಯ ವಯಸ್ಸಿನಲ್ಲಿ ಅವನು ಮೊದಲ ಬಾರಿಗೆ ಸಮುದ್ರ ನೋಡಿದ. ಮಲ್ಪೆಯ ದಡದಲ್ಲಿ ಬಹಳ ಹೊತ್ತು ನಿಂತು, “ಇಷ್ಟೊಂದ್ ನೀರು, ಒಂದ್ ಗದ್ದೆಗೂ ಆಗಕಿಲ್ವಲ್ಲ” ಎಂದ.

ಮರುದಿನ ದೋಣಿಯಲ್ಲಿ ಸೇಂಟ್ ಮೇರಿಸ್ ದ್ವೀಪಕ್ಕೆ ಹೋದೆವು. ನಿಮ್ಮಲ್ಲಿ ಅನೇಕರು ಅಲ್ಲಿಗೆ ಹೋಗಿರಬಹುದು. 1498ರಲ್ಲಿ ವಾಸ್ಕೋ ಡ ಗಾಮ ಇಲ್ಲಿ ಇಳಿದು ಶಿಲುಬೆಯೊಂದನ್ನು ನೆಟ್ಟು, ಮಾತೆ ಮರಿಯಳ ಹೆಸರಿಟ್ಟನೆಂಬುದು ಪರಂಪರೆಯಿಂದ ಬಂದ ಮಾತು. ದ್ವೀಪದ ಕಲ್ಲುಗಳ ಕಥೆ ಅದಕ್ಕಿಂತ ಬಹು ಹಳೆಯದು. ಸುಮಾರು 8.8 ಕೋಟಿ ವರ್ಷಗಳ ಹಿಂದೆ ಮಡಗಾಸ್ಕರ್ ನಮ್ಮ ಭೂಭಾಗದಿಂದ ಬೇರ್ಪಡುತ್ತಿದ್ದ ಕಾಲದಲ್ಲಿ ಉಕ್ಕಿ ಬಂದ ಲಾವಾ ತಣ್ಣಗಾಗುತ್ತಾ ಸೀಳಿ, ಯಾರೋ ಕೆತ್ತಿ ನಿಲ್ಲಿಸಿದಂತಹ ಬಹುಭುಜದ ಕಂಬಗಳಾಗಿ ನಿಂತಿದೆ. 1979ರಲ್ಲಿ ಇದನ್ನು ರಾಷ್ಟ್ರೀಯ ಭೂವೈಜ್ಞಾನಿಕ ಸ್ಮಾರಕವೆಂದು ಘೋಷಿಸಲಾಯಿತು. ನಾನು ಅಣ್ಣಯ್ಯನಿಗೆ ಇದನ್ನೆಲ್ಲ ಪಾಠದಂತೆ ಒಪ್ಪಿಸುತ್ತಿದ್ದೆ. ಅವನು ಕೇಳುತ್ತಿರಲಿಲ್ಲ. ಇಳಿತದ ಹೊತ್ತು, ನೀರು ಹಿಂದೆ ಸರಿದು ಬಂಡೆಗಳ ಬುಡ ಕಾಣುತ್ತಿತ್ತು. ಅವನು ಅಲ್ಲಿ ಕುಕ್ಕರುಗಾಲಿನಲ್ಲಿ ಕುಳಿತು ಏನನ್ನೋ ನೋಡುತ್ತಿದ್ದ.

“ಬಾ ಇಲ್ಲಿ. ಮ್ಯಾಲಿರೋವೇ ಬ್ಯಾರೆ, ಕೆಳಗಿರೋವೇ ಬ್ಯಾರೆ ಕಣ್ಲಾ” ಎಂದ.

ಬಂಡೆಯ ಮೇಲೆ ಬಸವನಹುಳುಗಳಿದ್ದವು. ವರ್ಷಗಟ್ಟಲೆ ಮಕ್ಕಳನ್ನು ಕಡಲತೀರಕ್ಕೆ ಕರೆದುಕೊಂಡು ಹೋಗಿದ್ದ ನಾನು ಎಷ್ಟೋ ಸಲ ಅವುಗಳನ್ನು ನೋಡಿದ್ದೆ. ಆದರೆ ಗದ್ದೆಯ ಬದುವಿನ ಮೇಲಿನ ಹುಲ್ಲಿಗೂ ಬದುವಿನ ಕೆಳಗಿನ ಹುಲ್ಲಿಗೂ ಇರುವ ವ್ಯತ್ಯಾಸವನ್ನು ಐವತ್ತು ವರ್ಷ ಕಂಡವನ ಕಣ್ಣು ಮೊದಲ ದಿನವೇ ಕಂಡುಕೊಂಡದ್ದನ್ನು ನಾನು ಪುಸ್ತಕದಲ್ಲಿ ಮಾತ್ರ ಓದಿದ್ದೆ.

ಓದುಗರೇ, ಕಡಲ ಬಂಡೆಯೆಂಬುದು ನಮಗೆ ಒಂದೇ ಕಲ್ಲಾಗಿ ಕಾಣುತ್ತದೆ. ಅದರ ಮೇಲೆ ವಾಸಿಸುವ ಜೀವಿಗೆ ಅದು ಒಂದೇ ಊರಲ್ಲ. ದಿನಕ್ಕೆ ಎರಡು ಸಲ ಉಬ್ಬರ, ಎರಡು ಸಲ ಇಳಿತ. ಬಂಡೆಯ ಬುಡ ಹೆಚ್ಚು ಹೊತ್ತು ನೀರಿನಲ್ಲೇ ಇರುತ್ತದೆ. ಅಲ್ಲಿ ಬಿಸಿಲಿನ ಭಯವಿಲ್ಲ, ಆದರೆ ಏಡಿ ಮತ್ತು ಮೀನುಗಳ ಭಯವಿದೆ. ನಡುಭಾಗ ಅರ್ಧ ದಿನ ನೀರು, ಅರ್ಧ ದಿನ ಗಾಳಿ. ನೆತ್ತಿಯಾದರೋ ಅಲೆಯ ತುಂತುರು ಬಿಟ್ಟರೆ ನೀರನ್ನೇ ಕಾಣದು. ನಡುಹಗಲಿನಲ್ಲಿ ಕೈಯಿಟ್ಟರೆ ಸುಡುತ್ತದೆ. ಬುಡದಿಂದ ನೆತ್ತಿಗೆ ಇರುವ ಅಂತರ ಒಂದಾಳಿನ ಎತ್ತರವೂ ಇರಲಾರದು. ಆದರೂ ಅದರಲ್ಲಿ ಮಲೆನಾಡೂ ಇದೆ, ಬಯಲುಸೀಮೆಯೂ ಇದೆ.

ನಡುಭಾಗದ ಬಿರುಕುಗಳಲ್ಲಿ ಗುಂಪಾಗಿ ಕುಳಿತಿದ್ದ ದುಂಡನೆಯ, ಕಪ್ಪು ಛಾಯೆಯ ಹುಳುಗಳು ನೆರಿಟಾ ಎಂಬ ಕುಲಕ್ಕೆ ಸೇರಿದವು. ಇವುಗಳ ಚಿಪ್ಪಿನ ಬಾಯಿಗೆ ಸುಣ್ಣದ ಗಟ್ಟಿ ಮುಚ್ಚಳವಿದೆ. ನೀರು ಇಳಿಯುವಾಗ ಸ್ವಲ್ಪ ನೀರನ್ನು ಒಳಗೆ ಹಿಡಿದಿಟ್ಟುಕೊಂಡು ಮುಚ್ಚಳ ಹಾಕಿಕೊಳ್ಳುತ್ತವೆ. ಹಿಂದೂ ಮಹಾಸಾಗರದ ಮತ್ತು ಪೆಸಿಫಿಕ್ಕಿನ ದಂಡೆಗಳಲ್ಲಿ ಈ ಒಂದೇ ಕುಲದ ಹಲವು ಪ್ರಭೇದಗಳು ಬಂಡೆಯನ್ನು ಹಂಚಿಕೊಂಡು ಬಾಳುತ್ತವೆ. ಅವುಗಳಲ್ಲಿ ಮೇಲಿನ ಬಿಸಿಲಿನ ಪಾಲು ಪಡೆದ ನೆರಿಟಾ ಪ್ಲಿಕಾಟಾ ಎಂಬುದರ ಚಿಪ್ಪು ಚೆಂಡಿನಂತೆ ದುಂಡು, ಬಣ್ಣ ಬಿಳಿಚು. ದುಂಡಗಿರುವ ವಸ್ತುವಿಗೆ ಹೊರಮೈ ಕಡಿಮೆ, ಒಳಗಿನ ಜಾಗ ಹೆಚ್ಚು. ನೀರು ಹೆಚ್ಚು ಹಿಡಿಯುತ್ತದೆ, ನಿಧಾನವಾಗಿ ಆರುತ್ತದೆ. ನಮ್ಮ ಮನೆಯ ಮಣ್ಣಿನ ಗಡಿಗೆಯ ಆಕಾರವನ್ನು ನೆನೆದರೆ ಸಾಕು. ಕೆಳಗೆ ಕಲ್ಲುಗಳ ಅಡಿಯಲ್ಲಿ ಬಾಳುವ ನೆರಿಟಾ ಆಲ್ಬಿಸಿಲ್ಲಾ ಅದರ ದಾಯಾದಿ. ಅದರ ಚಿಪ್ಪು ಚಪ್ಪಟೆ. ಅದಕ್ಕೆ ನೀರು ಕೂಡಿಡುವ ಚಿಂತೆಯಿಲ್ಲ. ಕಲ್ಲಿನಡಿಯ ಇಕ್ಕಟ್ಟಿನಲ್ಲಿ ನುಸುಳಬೇಕು. ಎರಡೂ ಒಂದೇ ವಂಶದವು. ಯಾವುದೂ ಇನ್ನೊಂದಕ್ಕಿಂತ ಮೇಲಲ್ಲ. ನಿಂತ ಜಾಗ ಕೇಳಿದ ಪ್ರಶ್ನೆಗೆ ಅವುಗಳ ಚಿಪ್ಪು ಕೊಟ್ಟ ಉತ್ತರ ಬೇರೆ ಬೇರೆ.

ಅಣ್ಣಯ್ಯ ಬೆರಳು ತೋರಿಸುತ್ತಿದ್ದುದು ಇವಕ್ಕಿಂತ ಮೇಲೆ, ಬಂಡೆಯ ನೆತ್ತಿಯಲ್ಲಿದ್ದ ಕಾಳಿನ ಗಾತ್ರದ ಹುಳುಗಳನ್ನು. ಅವು ಲಿಟ್ಟೋರಿನಿಡೆ ಎಂಬ ಬೇರೊಂದು ಕುಟುಂಬದವು. ಕಾದ ಕಲ್ಲಿನ ಮೇಲೆ ಅಲುಗಾಡದೆ ಕುಳಿತಿದ್ದವು. ಮೃದುವಾದ ಪಾದ ಕಾದ ಬಂಡೆಗೆ ತಾಗಿದರೆ ಅಪಾಯ. ಆದ್ದರಿಂದ ಇವು ಚಿಪ್ಪಿನ ಅಂಚನ್ನು ಸ್ವಲ್ಪ ಲೋಳೆಯಿಂದ ಕಲ್ಲಿಗೆ ಅಂಟಿಸಿ, ದೇಹವನ್ನು ಪೂರ್ತಿ ಒಳಗೆಳೆದುಕೊಂಡು, ಬಾಗಿಲು ಮುಚ್ಚಿ ನೇತುಬೀಳುತ್ತವೆ. ಉಷ್ಣವಲಯದ ಬಂಡೆಗಳಲ್ಲಿ ಬಾಳುವ ಇವುಗಳ ಬಂಧುವೊಂದನ್ನು ಬ್ರೂನೈ ದೇಶದಲ್ಲಿ ಅಭ್ಯಾಸ ಮಾಡಿದವರು, ಬಿಸಿಲು ಏರಿದಾಗ ಅದು ಉಸಿರಾಟ ಮುಂತಾದ ದೇಹದ ಕೆಲಸಗಳನ್ನೇ ತಗ್ಗಿಸಿಕೊಂಡು, 50 ಡಿಗ್ರಿ ಸೆಲ್ಸಿಯಸ್ ದಾಟಿದ ಕಾವನ್ನೂ ತಾಳಿಕೊಳ್ಳುವುದನ್ನು ಕಂಡಿದ್ದಾರೆ. ಹೊರಗಿನಿಂದ ನೋಡಿದವರಿಗೆ ಅದು ಬರಿಯ ಕಲ್ಲಿನ ಹರಳು.

“ಇವು ಸತ್ತೋಗಿರಬೇಕು” ಎಂದೆ ನಾನು, ಪರೀಕ್ಷಿಸಲೆಂದೇ.

“ಇಲ್ಲ ಕಣ್ಲಾ. ಕಾಯ್ತಾ ಅವೆ” ಎಂದ ಅಣ್ಣಯ್ಯ. ಬೊಗಸೆಯಲ್ಲಿ ಸಮುದ್ರದ ನೀರು ತಂದು ಅವುಗಳ ಮೇಲೆ ಬಿಟ್ಟ. ನಾವಿಬ್ಬರೂ ಮಾತಿಲ್ಲದೆ ಕಾದೆವು. ಸ್ವಲ್ಪ ಹೊತ್ತಿಗೆ ಒಂದು ಹುಳು ಅಲುಗಿತು. ಚಿಪ್ಪಿನ ಅಂಚಿನಿಂದ ಕೂದಲಿನಷ್ಟು ಸಣ್ಣ ಎರಡು ಕೊಂಬುಗಳು ಹೊರಗೆ ಬಂದವು.

“ನಮ್ಮ ಕೆರೇವು ನೆಪ್ಪಿಲ್ವಾ?” ಎಂದ ಅವನು.

ನೆನಪಿತ್ತು. ಬೇಸಿಗೆಯಲ್ಲಿ ಬೂಕನಕೆರೆಯ ಕೆರೆ ಬತ್ತಿ ನೆಲ ಬಿರಿದಾಗ ನಾವಿಬ್ಬರೂ ಬಿರುಕಿನೊಳಗಿನಿಂದ ದಪ್ಪ ಬಸವನಹುಳುಗಳನ್ನು ಅಗೆದು ತೆಗೆಯುತ್ತಿದ್ದೆವು. ಪೈಲಾ ಎಂಬುದು ಅದರ ಶಾಸ್ತ್ರೀಯ ಹೆಸರೆಂದು ನಾನು ಆಮೇಲೆ ಕಲಿತೆ. ನೀರಿನಲ್ಲಿ ಉಸಿರಾಡಲು ಕಿವಿರು, ಗಾಳಿಯಲ್ಲಿ ಉಸಿರಾಡಲು ಶ್ವಾಸಕೋಶದಂತಹ ಚೀಲ, ಎರಡನ್ನೂ ಇಟ್ಟುಕೊಂಡಿರುವ ಜೀವಿ ಅದು. ಕೆರೆ ಬತ್ತಿದರೆ ಕೆಸರಿನಲ್ಲಿ ಹುದುಗಿ, ಬಾಗಿಲು ಮುಚ್ಚಿಕೊಂಡು ತಿಂಗಳುಗಟ್ಟಲೆ ಮಳೆಗಾಗಿ ಕಾಯುತ್ತದೆ. ಕಲ್ಲಿನಂತಿದ್ದ ಆ ಹುಳುಗಳನ್ನು ಅಣ್ಣಯ್ಯ ಬಕೆಟ್ಟಿನ ನೀರಿಗೆ ಹಾಕಿ, ಅವು ಬಾಯಿ ತೆರೆಯುವವರೆಗೆ ನನ್ನನ್ನು ಪಕ್ಕದಲ್ಲಿ ಕೂರಿಸಿಕೊಳ್ಳುತ್ತಿದ್ದ. ನನಗೆ ಪ್ರಾಣಿಶಾಸ್ತ್ರದ ಮೊದಲ ಪಾಠ ಹೇಳಿದವನು ಅವನೇ. ಅಷ್ಟು ವರ್ಷ ಪಾಠ ಮಾಡಿದರೂ ಅದನ್ನು ನಾನು ಯಾರಿಗೂ ಹೇಳಿರಲಿಲ್ಲ, ನನಗೇ ನೆನಪಾಗಿರಲಿಲ್ಲ.

ಆಗ, ಆ ಹುಳುವನ್ನೇ ನೋಡುತ್ತಾ ಅಣ್ಣಯ್ಯ ನಿಧಾನವಾಗಿ ಹೇಳಿದ: “ಅವ್ವ ಹೋದ್ ದಿನ ನಮ್ ಸರದಿ ಇತ್ತು.”

ನನಗೆ ಮೊದಲು ಅರ್ಥವಾಗಲಿಲ್ಲ. ಆ ವರ್ಷಗಳು ಬರಗಾಲದವು. ನಾಲೆಯಲ್ಲಿ ನೀರು ಸರದಿಯ ಮೇಲೆ ಬರುತ್ತಿತ್ತು. ನಮ್ಮ ಗದ್ದೆಗೆ ನೀರು ತಿರುಗಿಸಬೇಕಾದ ಸರದಿ ಆ ರಾತ್ರಿಯೇ ಬಂದಿತ್ತು. ಅದು ತಪ್ಪಿದರೆ ಮುಂದಿನ ಸರದಿ ಬರುವಷ್ಟರಲ್ಲಿ ಪೈರು ಉಳಿಯುತ್ತಿರಲಿಲ್ಲ. ಅವ್ವನ ಔಷಧಿಗೆ ಮಾಡಿದ ಸಾಲಕ್ಕೆ ಆ ಪೈರೇ ಆಧಾರ. ಇದನ್ನೆಲ್ಲ ಅವನು ಒಟ್ಟಿಗೆ ಹೇಳಲಿಲ್ಲ. ನಾನು ಒಂದೊಂದೇ ಪ್ರಶ್ನೆ ಕೇಳಿ ತಿಳಿದುಕೊಂಡೆ. ಕೊನೆಗೆ, “ನೀರ್ ಬುಟ್ಟು ಬದದ ಮ್ಯಾಲೆ ಕುಂತಿದ್ದೆ. ಅಲ್ಲಿ ಯಾರೂ ಇರ್ನಿಲ್ಲ” ಎಂದ. ಅಲ್ಲಿ ಏನು ಮಾಡಿದೆ ಎಂದು ನಾನು ಕೇಳಲಿಲ್ಲ. ಕೇಳುವ ಅಗತ್ಯವೂ ಇರಲಿಲ್ಲ.

ಓದುಗರೇ, ಇಪ್ಪತ್ತು ವರ್ಷ ನಾನು ಆ ಚಿಪ್ಪನ್ನು ನೋಡಿ ಒಳಗೆ ಕಲ್ಲಿದೆ ಎಂದುಕೊಂಡಿದ್ದೆ. ಹದಿನೈದನೆಯ ವಯಸ್ಸಿನಲ್ಲಿ ಬಂಡೆಯ ನೆತ್ತಿಗೆ ಏರಿದವನು ಬಾಗಿಲು ಮುಚ್ಚಲು ಕಲಿಯದಿದ್ದರೆ ಒಣಗಿಹೋಗುತ್ತಿದ್ದ ಎಂಬುದು ನನಗೆ ಹೊಳೆದಿರಲಿಲ್ಲ.

ಮರುದಿನ ಸ್ವರ್ಣಾ ಮತ್ತು ಸೀತಾ ನದಿಗಳು ಕಡಲು ಸೇರುವ ಕೋಡಿಬೆಂಗ್ರೆಯ ಕಡೆಗೆ ಹೋದೆವು. ಅಲ್ಲಿನ ಹಿನ್ನೀರಿನ ಅಂಚಿನಲ್ಲಿ ಕಾಂಡ್ಲಾ ಗಿಡಗಳಿವೆ. ಉಪ್ಪುನೀರಿನಲ್ಲಿ ಬೇರೂರಿ ನಿಲ್ಲುವ ಮರಗಳು ಅವು. ಕಾಂಡ್ಲಾ ಮರಗಳ ಕಾಂಡದ ಮೇಲೆ ಲಿಟ್ಟೋರೇರಿಯಾ ಎಂಬ ಹುಳುಗಳು ವಾಸಿಸುತ್ತವೆ. ಬಂಡೆಯ ನೆತ್ತಿಯಲ್ಲಿ ಕಂಡ ಹುಳುಗಳ ಕುಟುಂಬಕ್ಕೇ ಸೇರಿದವು. ಉಬ್ಬರ ಬಂದಂತೆ ಮೇಲಕ್ಕೆ ಹತ್ತುತ್ತವೆ, ಇಳಿತವಾದಂತೆ ಕೆಳಕ್ಕೆ ಬರುತ್ತವೆ. ಮರದ ನೆರಳಿದೆ, ಅಲೆಗಳ ಹೊಡೆತವಿಲ್ಲ. ಹತ್ತಿ ಇಳಿಯುವವನಿಗೆ ಭಾರವೂ ಬೇಡ. ಆದ್ದರಿಂದ ಚಿಪ್ಪು ತೆಳು. ನಾನು ಇದನ್ನು ವಿವರಿಸಿದಾಗ ಅಣ್ಣಯ್ಯ ಬಾಗಿ ನೋಡಿ, “ಹಂಗಾರೆ ಇದು ನೀನು ಕಣ್ಲಾ” ಎಂದ. ಅವನು ನಕ್ಕದ್ದನ್ನು ನಾನು ಬಹಳ ವರ್ಷಗಳ ಮೇಲೆ ಕಂಡೆ. ನನಗೂ ನಗು ಬಂತು. ತೆಳು ಚಿಪ್ಪಿನವನೆಂಬುದು ನಿಜವೇ. ಯಾರ ನೆರಳಿನಲ್ಲಿ ಬೆಳೆದೆನೆಂಬುದನ್ನು ಮಾತ್ರ ಮರೆತಿದ್ದೆ.

ಇಷ್ಟಕ್ಕೇ ನಿಲ್ಲಿಸಿದ್ದರೆ ಇದೊಂದು ಸುಂದರ ಹೋಲಿಕೆಯಾಗಿ ಮುಗಿಯುತ್ತಿತ್ತು. ಆದರೆ ಅದೇ ವರ್ಷದ ಅಕ್ಟೋಬರಿನಲ್ಲಿ ಒಂದು ವೈಜ್ಞಾನಿಕ ಪತ್ರಿಕೆಯಲ್ಲಿ ಪ್ರಕಟವಾದ ಅಧ್ಯಯನದ ವಿವರ ಓದಿದೆ. ಅದು ನನ್ನನ್ನು ಮತ್ತಷ್ಟು ಯೋಚಿಸುವಂತೆ ಮಾಡಿತು.

ಸ್ವೀಡನ್ ದೇಶದ ಪಶ್ಚಿಮ ಕರಾವಳಿಯಲ್ಲಿ ಲಿಟ್ಟೋರಿನಾ ಸ್ಯಾಕ್ಸಾಟಿಲಿಸ್ ಎಂಬ ಹುಳುವಿದೆ. ಇದೂ ನಮ್ಮ ದ್ವೀಪದ ನೆತ್ತಿಯ ಹುಳುಗಳ ಕುಟುಂಬದ್ದೇ. ಊರೂರಿಗೆ ಇದರ ರೂಪ ಎಷ್ಟು ಬೇರೆಯೆಂದರೆ, ಪಂಡಿತರು ಇದನ್ನು ಬೇರೆ ಬೇರೆ ಜೀವಿಗಳೆಂದು ಭ್ರಮಿಸಿ ನೂರಕ್ಕೂ ಹೆಚ್ಚು ಹೆಸರುಗಳನ್ನಿಟ್ಟರು. ಅದರಲ್ಲಿ ಎರಡು ಬಗೆಗಳು ಮುಖ್ಯ. ಏಡಿಗಳು ತುಂಬಿರುವ, ಗುಂಡುಕಲ್ಲುಗಳ ಶಾಂತ ತೀರದಲ್ಲಿ ಬಾಳುವ ಬಗೆಗೆ ದೊಡ್ಡ ಗಾತ್ರ, ದಪ್ಪ ಚಿಪ್ಪು, ಕಿರಿದಾದ ಬಾಯಿ. ಸ್ವಲ್ಪ ಮುಟ್ಟಿದರೂ ಒಳಗೆ ಸರಿದು ಬಹಳ ಹೊತ್ತು ಹೊರಗೆ ಬಾರದ ಅಂಜುಬುರುಕ ಸ್ವಭಾವ. ಏಡಿಯಿಲ್ಲದ, ಆದರೆ ಅಲೆಗಳು ಅಪ್ಪಳಿಸುವ ಬರಿಯ ಬಂಡೆಯ ಮೇಲೆ ಬಾಳುವ ಬಗೆಗೆ ಚಿಕ್ಕ ಗಾತ್ರ, ತೆಳು ಚಿಪ್ಪು, ಅಗಲ ಬಾಯಿ. ಕಲ್ಲನ್ನು ಬಲವಾಗಿ ಹಿಡಿಯಲು ದೊಡ್ಡ ಪಾದ, ಧೈರ್ಯದ ಸ್ವಭಾವ. ಎರಡೂ ಒಂದೇ ಪ್ರಭೇದ. ಎರಡರ ನೆಲೆಗಳು ಸೇರುವ ಗಡಿಯಲ್ಲಿ ಅವು ಕೂಡಿ ಮರಿ ಮಾಡುತ್ತವೆ.

1988ರಲ್ಲಿ ಆ ಕಡಲಿನಲ್ಲಿ ವಿಷಕಾರಿ ಪಾಚಿ ಹಬ್ಬಿ, ಸಣ್ಣ ಸಣ್ಣ ಬಂಡೆದ್ವೀಪಗಳ ಮೇಲಿದ್ದ ಅಲೆಯ ಬಗೆಯ ಹುಳುಗಳು ನಾಶವಾದವು. 1992ರಲ್ಲಿ ಕೆರ್ಸ್ಟಿನ್ ಯೋಹಾನ್ನೆಸ್ಸನ್ ಎಂಬ ವಿಜ್ಞಾನಿ ಹಾಗೆ ಬರಿದಾದ ಒಂದು ಬಂಡೆಯ ಮೇಲೆ ಏಡಿತೀರದ ಬಗೆಯ ಸುಮಾರು 700 ಹುಳುಗಳನ್ನು ತಂದು ಬಿಟ್ಟರು. ಮೂವತ್ತು ವರ್ಷಗಳ ಕಾಲ ಗಮನಿಸಿದರು. ಆ ದಪ್ಪ ಚಿಪ್ಪಿನವರ ಸಂತತಿ ತಲೆಮಾರಿನಿಂದ ತಲೆಮಾರಿಗೆ ಬದಲಾಗುತ್ತಾ, ನಾಶವಾದ ಅಲೆಯ ಬಗೆಯನ್ನೇ ಹೋಲುವಂತಾಯಿತು. ಗಾತ್ರ, ಆಕಾರ, ಬಣ್ಣ ಮಾತ್ರವಲ್ಲ, ವಂಶವಾಹಿಗಳಲ್ಲೂ ಅದೇ ಬದಲಾವಣೆ. ಇದಕ್ಕೆ ಬೇಕಾದ ಗುಣಗಳು ಎಲ್ಲಿಂದಲೋ ಹೊಸದಾಗಿ ಉದುರಿದವಲ್ಲ. ಬಹುಪಾಲು ಆ 700ರಲ್ಲೇ ಅಲ್ಲೊಂದು ಇಲ್ಲೊಂದರಲ್ಲಿ ಅಡಗಿದ್ದವು. ನೆರೆಯ ಬಂಡೆಗಳಿಂದ ಹೇಗೋ ಬಂದು ಸೇರಿದ ಕೆಲವು ಹುಳುಗಳೂ ಸ್ವಲ್ಪ ತಂದವು.

ನಾನು ಇದನ್ನು ಉತ್ಸಾಹದಿಂದ ಅಣ್ಣಯ್ಯನಿಗೆ ಫೋನಿನಲ್ಲಿ ಹೇಳಿದೆ. “ಬೀಜದಾಗೇ ಇತ್ತು ಅನ್ನು” ಎಂದ. ರಾಗಿ ಬಿತ್ತುವವನಿಗೆ ಅದರಲ್ಲಿ ಆಶ್ಚರ್ಯವಿರಲಿಲ್ಲ. ಸ್ವಲ್ಪ ಹೊತ್ತು ಸುಮ್ಮನಿದ್ದು ಕೇಳಿದ: “ಮಿಕ್ಕಿದ್ವು ಏನಾದ್ವು?”

ಸರಿಯಾದ ಪ್ರಶ್ನೆ ಅದು. ಶಾಲೆಯಲ್ಲಿ ನಾನು ಮಕ್ಕಳಿಗೆ “ಜೀವಿಗಳು ಪರಿಸರಕ್ಕೆ ಹೊಂದಿಕೊಳ್ಳುತ್ತವೆ” ಎಂದು ಎಷ್ಟೋ ಸಲ ಬರೆಸಿದ್ದೆ. ಹುಳು ಮನಸ್ಸು ಮಾಡಿ ಚಿಪ್ಪು ಬದಲಿಸಿಕೊಂಡಿತೋ ಎಂಬಂತೆ. ಒಂದು ಜೀವಿ ತನ್ನ ಆಯುಷ್ಯದಲ್ಲಿ ಸ್ವಲ್ಪ ಮಟ್ಟಿಗೆ ಬದಲಾಗಬಲ್ಲದೆಂಬುದು ನಿಜ. ಅಟ್ಲಾಂಟಿಕ್ ದಂಡೆಯ ನ್ಯೂಸೆಲ್ಲಾ ಎಂಬ ಹುಳುವನ್ನು ಏಡಿಯ ವಾಸನೆ ಬೆರೆತ ನೀರಿನಲ್ಲಿ ಸಾಕಿದರೆ ಅದರ ಚಿಪ್ಪು ದಪ್ಪವಾಗುತ್ತದೆ. ಆದರೆ ಸ್ವೀಡನ್ನಿನ ಬಂಡೆಯ ಮೇಲೆ ನಡೆದದ್ದು ಹೆಚ್ಚಾಗಿ ಬೇರೆ ರೀತಿಯದು. ಅಲೆಯನ್ನು ತಾಳಬಲ್ಲವು ಉಳಿದು ಹೆಚ್ಚು ಮರಿ ಬಿಟ್ಟವು. ತಾಳಲಾರದವು ಸಂತತಿಯಿಲ್ಲದೆ ಹೋದವು. “ಹೊಂದಿಕೊಂಡಿತು” ಎಂಬ ಒಂದು ಪದದ ಹಿಂದೆ ಲೆಕ್ಕಕ್ಕೆ ಸಿಗದ ನಷ್ಟವಿದೆ. ಅದನ್ನು ನಾನು ಅಣ್ಣಯ್ಯನಿಗೆ ಹೇಳಿದೆ. “ಹೂಂ” ಎಂದ.

ಫೋನ್ ಇಟ್ಟ ಮೇಲೆ ಆ “ಹೂಂ” ನನ್ನನ್ನು ಬಿಡಲಿಲ್ಲ. ನಮ್ಮ ಮನೆಯಲ್ಲಿ ಒಬ್ಬ ಓದಿ ಮೇಷ್ಟ್ರಾದ ಎಂದು ಊರು ಹೇಳುತ್ತದೆ. ಆ ಮಾತಿನ ಹಿಂದೆಯೂ ಒಂದು ನಷ್ಟವಿದೆ. ಒಂಬತ್ತನೆಯ ತರಗತಿಯಲ್ಲಿ ಲೆಕ್ಕದಲ್ಲಿ ಮೊದಲಿಗನಾಗಿದ್ದ ಹುಡುಗನೊಬ್ಬನ ಪುಸ್ತಕಗಳನ್ನು ಅಟ್ಟಕ್ಕೆ ಹಾಕಲಾಯಿತು. ಬಂಡೆಯ ಮೇಲಿನ ಕಣ್ಣಿಗೆ ಬಿದ್ದದ್ದನ್ನು ಅರೆಕ್ಷಣದಲ್ಲಿ ವಿಂಗಡಿಸಿದ ಆ ಬುದ್ಧಿ ವಿಜ್ಞಾನಿಯ ಬುದ್ಧಿ. ಅದು ಅವನಲ್ಲಿ ಇಲ್ಲವಾಗಿರಲಿಲ್ಲ. ಬೇಡುವವರಿಲ್ಲದೆ ಅಡಗಿ ಕುಳಿತಿತ್ತು.

ಇನ್ನೊಂದು ಸಂಗತಿಯನ್ನೂ ನಿಮ್ಮ ಮುಂದಿಡಬೇಕು. ಸ್ವೀಡನ್ನಿನ ಆ ಹುಳು ಮೊಟ್ಟೆಗಳನ್ನು ನೀರಿಗೆ ಬಿಡುವುದಿಲ್ಲ. ತಾಯಿಯ ಒಡಲ ಚೀಲದಲ್ಲೇ ಬೆಳೆದ ಮರಿಗಳು ಪುಟ್ಟ ಚಿಪ್ಪಿನೊಡನೆ ಹೊರಗೆ ತೆವಳಿ ಬರುತ್ತವೆ. ಹುಟ್ಟಿದ ಕಲ್ಲಿನ ಸುತ್ತಲಿನ ಕೆಲವೇ ಮೀಟರುಗಳಲ್ಲಿ ಬಾಳು ಮುಗಿಸುತ್ತವೆ. ಆದ್ದರಿಂದಲೇ ಆಯಾ ತೀರದ ಗುಣ ಆಯಾ ಮನೆತನದಲ್ಲಿ ಗಟ್ಟಿಯಾಗಿ ನೆಲೆಯೂರುತ್ತದೆ. ನಮ್ಮ ಉಷ್ಣವಲಯದ ಬಂಡೆನೆತ್ತಿಯ ಹುಳುಗಳಾದರೋ ಮೊಟ್ಟೆಗಳನ್ನು ಕಡಲಿಗೇ ಬಿಟ್ಟುಬಿಡುತ್ತವೆ. ಕಣ್ಣಿಗೆ ಕಾಣದ ಮರಿಗಳು ವಾರಗಟ್ಟಲೆ ನೀರಿನಲ್ಲಿ ತೇಲಿ, ತಾಯಿ ಎಂದೂ ಕಾಣದ ಯಾವುದೋ ಬಂಡೆಗೆ ತಗುಲಿಕೊಳ್ಳುತ್ತವೆ. ತಾಯಿಯ ಪಕ್ಕದಲ್ಲೇ ಉಳಿದವರು, ತೇಲಿ ಹೋದವರು, ಹೀಗೆ ಎರಡು ರೀತಿಯ ಮಕ್ಕಳು. ನಮ್ಮ ಊರುಗಳ ಪ್ರತಿಯೊಂದು ಮನೆಯಲ್ಲೂ ಇಂದು ಈ ಎರಡೂ ಬಗೆಯವರಿದ್ದಾರೆ. ಒಬ್ಬ ಬೆಂಗಳೂರಿಗೋ ದುಬೈಗೋ ಹೋಗಿದ್ದಾನೆ. ಒಬ್ಬ ಮುದಿ ತಂದೆತಾಯಿಯರ ಬಳಿ ಉಳಿದಿದ್ದಾನೆ. ಹೋದವನು ಉಳಿದವನನ್ನು ಒರಟನೆನ್ನುತ್ತಾನೆ; ಉಳಿದವನು ಹೋದವನನ್ನು ನಾಜೂಕಿನವನೆನ್ನುತ್ತಾನೆ. ಇಬ್ಬರೂ ಇನ್ನೊಬ್ಬನ ಚಿಪ್ಪನ್ನು ತನ್ನ ಬಂಡೆಯ ಮೇಲಿಟ್ಟು ಅಳೆಯುತ್ತಾರೆ.

ಹುಳುಗಳಿಗೆ ಬೇರೆ ದಾರಿಯಿಲ್ಲ. ನೆತ್ತಿಯ ಹುಳು ಬುಡದ ಹುಳುವನ್ನು “ನಿನಗೇನು ಕಷ್ಟ?” ಎಂದು ಕೇಳಲಾರದು. ನಾವು ಕೇಳಬಲ್ಲೆವು. ಕೇಳಲು ನನಗೆ ಇಪ್ಪತ್ತು ವರ್ಷ ಹಿಡಿಯಿತು. ಅದೂ ನಾನಾಗಿ ಕೇಳಿದ್ದಲ್ಲ, ಒಂದು ಬೊಗಸೆ ನೀರು ಬಿದ್ದ ಮೇಲೆ ಅವನಾಗಿ ಬಾಗಿಲು ತೆರೆದದ್ದು. ನಿಮ್ಮ ಮನೆಯಲ್ಲಿ ಹೀಗೆ ಬಾಯಿ ಮುಚ್ಚಿ ಕುಳಿತವರು ಯಾರಾದರೂ ಇದ್ದರೆ, ಒಳಗೆ ಕಲ್ಲಿದೆಯೆಂದು ತೀರ್ಮಾನಿಸುವ ಮೊದಲು ಅವರು ಯಾವ ಬಂಡೆಯ ಮೇಲೆ ನಿಂತು ಬದುಕಿದರೆಂಬುದನ್ನು ಒಮ್ಮೆ ಹೋಗಿ ನೋಡಿ. ತಡವಾಗುವ ಮುನ್ನ ನೋಡಿ.

ಈ ಬರಹವನ್ನು ನಿಮಗೆ ಕಳುಹಿಸುವ ಮುಂಚೆ ಬೂಕನಕೆರೆಗೆ ಹೋಗಿ ಜಗಲಿಯ ಮೇಲೆ ಕುಳಿತು ಅಣ್ಣಯ್ಯನಿಗೆ ಓದಿ ಹೇಳಿದೆ. 2004ರಲ್ಲಿ ನಾನಾಡಿದ ಮಾತು ಬಂದ ಕಡೆ ನನ್ನ ಗಂಟಲು ಕಟ್ಟಿತು. ಓದುವುದನ್ನು ನಿಲ್ಲಿಸಿ, “ತಪ್ಪಾಯ್ತು ಅಣ್ಣಯ್ಯ” ಎಂದೆ. ಅವನು ಅಂಗಳದ ಕಡೆ ನೋಡುತ್ತಾ, “ಮುಂದಕ್ ಓದು” ಎಂದ. ಪೂರ್ತಿ ಕೇಳಿದ ಮೇಲೆ, ಸರದಿಯ ವಿಷಯವನ್ನು ಬರೆಯಬಹುದೇ, ಬೇಡವೇ ಎಂದು ಕೇಳಿದೆ. ಸ್ವಲ್ಪ ಯೋಚಿಸಿ ಹೇಳಿದ:

“ಬರ್ಕೊ. ಆದ್ರೆ ನೆಂಟ್ರು ಮಲಗಿದ್ ಕೂಡ್ಲೆ ಹೋದೆ ಅಂತ ಬರ್ದಿದ್ದೀಯಲ್ಲ, ಅದು ಸರಿಯಿಲ್ಲ. ನೀನು ನಿದ್ದೆ ಹೋಗೋಗಂಟ ಕುಂತಿದ್ದೆ. ಆಮ್ಯಾಕೆ ಹೋದೆ.”